ಕುದಿಯದ ದ್ರವಕ್ಕೆ ಕುದಿಬಿಂದು

ಕರ್ಪೂರ, ಅಜವಾನದ ಹೂವು, ಪುದೀನ ಹೂವು. ಮೂರೂ ಒಣ ಹರಳು. ಒಂದೇ ಶೀಶೆಗೆ ಹಾಕಿ, ಬಿರಡೆ ಬಿಗಿದು ಕುಲುಕುತ್ತಿದ್ದರೆ ಹರಳುಗಳ ಅಂಚು ಒದ್ದೆಯಾಗಿ, ಮೂಲೆ ಸವೆದು, ಕೊನೆಗೆ ಎಣ್ಣೆಯಂಥ ದ್ರವವಷ್ಟೇ ಉಳಿಯುತ್ತದೆ. ಹನಿ ನೀರೂ ಸೇರಿಸಿಲ್ಲ, ಬೆಂಕಿಯನ್ನೂ ತೋರಿಸಿಲ್ಲ. ಹೊಟ್ಟೆನೋವಿಗೆ ಸಕ್ಕರೆಯ ಮೇಲೆ ಎರಡು ಹನಿ ಬಿಟ್ಟು ಕೊಡುತ್ತಿದ್ದ ಅಮೃತಧಾರೆ ಇದೇ.

ಅಜವಾನದ ಹೂವು, ಅಂದರೆ ಥೈಮಾಲ್, ಕರಗಬೇಕಾದರೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಬೇಕು. ಪುದೀನ ಹೂವಿಗೆ 42, ಕರ್ಪೂರಕ್ಕೆ 175ಕ್ಕೂ ಹೆಚ್ಚು. ಒಂದೊಂದೂ ತನ್ನ ಸಾಲಿನಲ್ಲಿ ಶಿಸ್ತಾಗಿ ನಿಂತಿರುತ್ತದೆ. ಪರಕೀಯ ಅಣು ನಡುವೆ ನುಗ್ಗಿದರೆ ಸಾಲು ಕೆಡುತ್ತದೆ. ಸುಲಭವಾಗಿ ಕರಗುವ ಇಂಥ ಮಿಶ್ರಣಕ್ಕೆ ಗ್ರೀಕ್ ಮೂಲದ 'ಯುಟೆಕ್ಟಿಕ್' ಎಂಬ ಹೆಸರನ್ನು 1884ರಲ್ಲಿ ಕೊಟ್ಟವನು ಇಂಗ್ಲೆಂಡಿನ ಫ್ರೆಡರಿಕ್ ಗಥ್ರಿ.

2003ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಟ್ ತಂಡ ಇಂಥದೇ ಮಿಶ್ರಣಕ್ಕೆ ಆರಿಸಿಕೊಂಡದ್ದು ಇನ್ನೂ ಅಗ್ಗದ ಸಾಮಾನು. ಒಂದು ಯೂರಿಯಾ, ನರೇಗಲ್ಲಿನ ಎರೆಹೊಲದ ರೈತನಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಇನ್ನೊಂದು ಕೋಳಿ ಆಹಾರಕ್ಕೆ ಬೆರೆಸುವ ಕೋಲಿನ್ ಕ್ಲೋರೈಡ್. ಮೊದಲನೆಯದು ಕರಗುವುದು 133 ಡಿಗ್ರಿಗೆ, ಎರಡನೆಯದು 302ಕ್ಕೆ. ಎರಡು ಪಾಲು ಯೂರಿಯಾಕ್ಕೆ ಒಂದು ಪಾಲು ಕೋಲಿನ್ (ಪಾಲು ತೂಕದ್ದಲ್ಲ, ಅಣುಗಳ ಎಣಿಕೆಯದು) ಸೇರಿಸಿದಾಗ ಅವರು ಕಂಡ ಸಂಖ್ಯೆ 12. 'ಡೀಪ್ ಯುಟೆಕ್ಟಿಕ್ ದ್ರಾವಕ' ಎಂಬ ಮಾತು ಚಾಲ್ತಿಗೆ ಬಂದದ್ದು ಇಲ್ಲಿಂದ. 'ಹಸಿರು ದ್ರಾವಕ' ಎಂಬ ಚೀಟಿಯೂ ಬೇಗನೆ ಅಂಟಿತು. ಯೂರಿಯಾದ ಜಾಗದಲ್ಲಿ ಎಥಿಲೀನ್ ಗ್ಲೈಕಾಲ್ ಹಾಕಿದರೂ ಅದೇ ಚೀಟಿ! ಅದು ವಾಹನಗಳ ರೇಡಿಯೇಟರಿಗೆ ಸುರಿಯುವ, ಕುಡಿದರೆ ವಿಷವಾಗುವ ವಸ್ತು.

ಕಾರ್ಖಾನೆ ಕಟ್ಟುವವರಿಗೆ ಚೀಟಿ ಸಾಲದು. ಸಾಂದ್ರತೆ, ಉಷ್ಣಧಾರಕತೆ, ಕ್ರಾಂತಿಕ ತಾಪಮಾನ (ಇದನ್ನು ದಾಟಿದರೆ ದ್ರವ, ಆವಿ ಎಂಬ ಭೇದವೇ ಉಳಿಯದು) ಎಲ್ಲಕ್ಕೂ ಅಂಕಿ ಬೇಕು. ಆದರೆ ಈ ದ್ರವವನ್ನು ಕಾಯಿಸುತ್ತ ಹೋದರೆ ಕುದಿಯುವ ಮೊದಲೇ ಅಣುಗಳು ಒಡೆದುಹೋಗುತ್ತವೆ. ಉಳಿದ ದಾರಿ ಅಂದಾಜು.

ಸುಗ್ಗಿಯ ಕಣದಲ್ಲಿ ಜೋಳದ ರಾಶಿಯನ್ನು ಒಂದು ಸುತ್ತು ಹಾಕಿ 'ಇಷ್ಟು ಚೀಲ ಆದೀತು' ಎನ್ನುವ ಹಿರಿಯರಂತೆಯೇ ಇದು. 1984ರಲ್ಲಿ ಎಂಐಟಿಯಲ್ಲಿ ಕೆವಿನ್ ಜೋಬ್ಯಾಕ್ ತನ್ನ ಪ್ರಬಂಧದಲ್ಲಿ ಅಣುವಿನ ತುಂಡುತುಂಡಿಗೂ ಒಂದು ಬೆಲೆ ಕಟ್ಟಿದ. ಎಥನಾಲ್ ತೆಗೆದುಕೊಳ್ಳಿ. ಕುದಿಬಿಂದುವಿನ ಲೆಕ್ಕದಲ್ಲಿ ಮೂಲ ಅಂಕಿ 198.2, ಸಿಎಚ್3 ತುಂಡಿಗೆ 23.58, ಸಿಎಚ್2ಗೆ 22.88, ಓಎಚ್‌ಗೆ 92.88. ಕೂಡಿದರೆ 337.5 ಕೆಲ್ವಿನ್, ಅಂದರೆ ಸುಮಾರು 64 ಡಿಗ್ರಿ. ಎಥನಾಲ್ ನಿಜಕ್ಕೂ ಕುದಿಯುವುದು 78ಕ್ಕೆ. ಹದಿನಾಲ್ಕು ಡಿಗ್ರಿ ಖೋತಾ!

ಕಣದ ಅಂದಾಜು ತಪ್ಪಿದರೆ ಚೀಲ ತುಂಬಿದಾಗ ಗೊತ್ತಾಗುತ್ತದೆ. ಯುಟೆಕ್ಟಿಕ್ ದ್ರಾವಕದ ಕುದಿಬಿಂದುವಿಗೆ ತುಂಬಿ ನೋಡುವ ಚೀಲವೇ ಇಲ್ಲ. ಹಾಗಾಗಿ ಸಂಶೋಧಕರು ಬಳಸುದಾರಿ ಹಿಡಿದರು. ಜೋಬ್ಯಾಕ್ ಬೆಲೆಪಟ್ಟಿಯ ಸುಧಾರಿಸಿದ ರೂಪದಿಂದ ಎರಡೂ ಘಟಕಗಳ ಕುದಿಬಿಂದು, ಕ್ರಾಂತಿಕ ತಾಪಮಾನಗಳ ಅಂಕಿ ತೆಗೆದು, ಪಾಲಿಗೆ ತಕ್ಕಂತೆ ಬೆರೆಸಿ, ಅದರಿಂದ ಸಾಂದ್ರತೆಯ ಲೆಕ್ಕ ಹಾಕುವುದು. ತೂಕ ಮಾಡಿದ ಸಾಂದ್ರತೆಯ ಜತೆ ತಾಳೆ ನೋಡುವುದು. ಯೂರಿಯಾ ಜೋಡಿಗೆ ಈ ಅಳೆದ ಸಾಂದ್ರತೆ ಮಿಲಿಲೀಟರಿಗೆ ಹತ್ತಿರಹತ್ತಿರ 1.2 ಗ್ರಾಂ. ತಾಳೆಯಾದರೆ ಸಮಾಧಾನವೇನೋ ಸರಿ, ಆದರೆ ಎರಡು ತಪ್ಪುಗಳು ಒಂದನ್ನೊಂದು ಕಳೆದುಕೊಂಡೂ ಸರಿ ಉತ್ತರ ಬರಬಹುದು. ಲೆಕ್ಕದ ಮಾಸ್ತರರಿಗೆ ಇದು ಹಳೆಯ ಅನುಭವ.

ಅಳೆದ ಅಂಕಿಯಾದರೂ ಗಟ್ಟಿಯೇ? ಯೂರಿಯಾ ಜೋಡಿ ಕರಗುವ ಆ ಹೆಸರುವಾಸಿ 12 ಡಿಗ್ರಿಯನ್ನೇ ನೋಡಿ. ಮಿಶ್ರಣವನ್ನು ಚೆನ್ನಾಗಿ ಒಣಗಿಸಿ ಅಳೆದವರಿಗೆ ಆಮೇಲೆ ಸಿಕ್ಕದ್ದು 30ರ ಆಸುಪಾಸು. ನೂರಕ್ಕೆ ಐದರಷ್ಟು ನೀರು ಸೇರಿದರೆ ಸಾಕು, ಅದು 15ರ ಹತ್ತಿರ ಇಳಿಯುತ್ತದೆ. ಆಷಾಢದ ಜಿಟಿಜಿಟಿಯಲ್ಲಿ ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲ ಹೆಂಟೆಗಟ್ಟಿದ್ದನ್ನು ಕಂಡವರಿಗೆ ಇದೇನೂ ಅಚ್ಚರಿಯಲ್ಲ. ಕೋಲಿನ್ ಕ್ಲೋರೈಡ್ ಗಾಳಿಯ ತೇವ ಹೀರುವುದರಲ್ಲಿ ಯೂರಿಯಾವನ್ನೂ ಮೀರಿಸುತ್ತದೆ. ಹಾಗಾಗಿ ಎಚ್ಚರದ ಪ್ರಯೋಗಾಲಯಗಳು ಈ ದ್ರಾವಕಗಳ ಪ್ರತಿ ಅಳತೆಯ ಪಕ್ಕದಲ್ಲಿ ಅದರೊಳಗಿನ ನೀರಿನ ಪ್ರಮಾಣವನ್ನೂ ಬರೆದಿಡುತ್ತವೆ. ಆ ನೀರನ್ನು ಅಳೆಯಲು ಇಂದಿಗೂ ಬಳಸುವುದು ಕಾರ್ಲ್ ಫಿಶರ್ 1935ರಲ್ಲಿ ಹೇಳಿಕೊಟ್ಟ ವಿಧಾನವನ್ನೇ.