ಮಿನಿಟ್ಸ್ ಅಂದರೆ ನಿಮಿಷವಲ್ಲ

ಕಾಮರ್ಸ್ ಸಂಘದ ಮೊದಲ ಸಭೆಯಲ್ಲಿ 'ಮಿನಿಟ್ಸ್ ಬರೆದುಕೋ' ಎಂದರು. ನಾನು '40 ನಿಮಿಷ' ಎಂದು ಬರೆದುಕೊಟ್ಟೆ! ಎಲ್ಲರೂ ನಕ್ಕರು. ಮನೆಯ ಉರ್ದುವಿನಲ್ಲೂ ಶಾಲೆಯ ಕನ್ನಡದಲ್ಲೂ ಈ ಪದ ನನಗೆ ಸಿಕ್ಕಿರಲಿಲ್ಲ. ಮಿನಿಟ್ಸ್ ಅಂದರೆ ಸಭೆಯ ನಡಾವಳಿ. 2013ರ ಕಂಪನಿ ಕಾಯ್ದೆಯಂತೆ ಸಭೆ ಮುಗಿದ 30 ದಿನದೊಳಗೆ ಬರೆದಿಡಬೇಕು. ಕೋರಂ ಅಂದರೆ ಕನಿಷ್ಠ ಹಾಜರಾತಿ. ಖಾಸಗಿ ಕಂಪನಿಯ ಸದಸ್ಯರ ಸಭೆಗೆ ಇಬ್ಬರು ಖುದ್ದು ಇರಬೇಕು.

ಪ್ರಾಕ್ಸಿ ನಮಗೆಲ್ಲ ಗೊತ್ತು, ಗೆಳೆಯನ ಹಾಜರಿ ಕೂಗುವುದು! ಕಂಪನಿಯಲ್ಲಿ ಅದು ಮೋಸವಲ್ಲ. ಬರಲಾಗದ ಸದಸ್ಯ ಲಿಖಿತವಾಗಿ ನೇಮಿಸುವ ಪ್ರತಿನಿಧಿ. ಪೋಲ್ ನಡೆದರೆ ಮತ ಹಾಕಬಹುದು, ಮಾತಾಡುವ ಹಕ್ಕಿಲ್ಲ, ಕೋರಂ ಲೆಕ್ಕಕ್ಕೂ ಬರುವುದಿಲ್ಲ.

'ಟೇಬಲ್' ಜೋಪಾನ: ಬ್ರಿಟನ್ನಿನಲ್ಲಿ, ನಮ್ಮಲ್ಲಿ ವಿಷಯವನ್ನು ಚರ್ಚೆಗಿಡುವುದು, ಅಮೆರಿಕದಲ್ಲಿ ಮುಂದೂಡುವುದು.

ಮುಂದಿನ ಸಭೆಯ ಮಿನಿಟ್ಸ್ ನಾನೇ ಬರೆಯುತ್ತೇನೆಂದು ಹೆಸರು ಕೊಟ್ಟಿದ್ದೇನೆ.