ಭಾರ ಎತ್ತಿದರೆ ತೋಳು ಉಬ್ಬೀತೆ?

ಪ್ರಶ್ನೆ: ತೂಕ ಎತ್ತಿದರೆ ಹೆಣ್ಣುಮಕ್ಕಳ ತೋಳು ಪೈಲ್ವಾನರಂತಾಗುತ್ತದೆಯೇ? ತೆಳ್ಳಗಾಗಲು ರೊಟ್ಟಿ ಬಿಡಬೇಕೇ?
– ಓದುಗರು, ರನ್ನ ಬೆಳಗಲಿ

ಉತ್ತರ: ‘ಗದಾಯುದ್ಧ’ ಬರೆದ ರನ್ನನ ಊರಿನವರಿಗೆ ಭಾರದ ಭಯವೇ! ತೋಳು ಹಾಗೆ ಉಬ್ಬುವುದಿಲ್ಲ. ಸ್ನಾಯು ಹಿಗ್ಗಿಸುವ ಟೆಸ್ಟೋಸ್ಟೆರಾನ್ ಹೆಣ್ಣಿನಲ್ಲಿ ಸಾಮಾನ್ಯವಾಗಿ ಗಂಡಿನ ಹತ್ತನೇ ಒಂದು ಪಾಲೂ ಇರುವುದಿಲ್ಲ. ವಾರಕ್ಕೆ ಎರಡು-ಮೂರು ದಿನ ಬೈಠಕ್, ಡಂಬೆಲ್ ಸಾಕು. ಭಾರ ಮಾತ್ರ ಮೆಲ್ಲಗೆ ಏರುತ್ತಿರಬೇಕು. ನೀರಿನ ಕೊಡ ಹೊತ್ತು ಅಭ್ಯಾಸವಿದೆ ಎನ್ನುತ್ತೀರಾ? ಕೊಡದ ತೂಕ ಏರುವುದಿಲ್ಲವಲ್ಲ!

ರೊಟ್ಟಿ ಬಿಡಬೇಡಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಜೊತೆಗೆ ಹೆಸರುಕಾಳಿನ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ ಇರಲಿ. ವ್ಯಾಯಾಮ ಮಾಡುವ 60 ಕಿಲೋ ತೂಕದವರಿಗೆ ದಿನಕ್ಕೆ 70ರಿಂದ 95 ಗ್ರಾಂ ಪ್ರೋಟೀನ್ ಬೇಕು. ಶೇಂಗಾ ಹಿಂಡಿ ಮಾತ್ರ ಒಂದು ಚಮಚಕ್ಕೆ ನಿಲ್ಲಿಸಿ. ಶೇಂಗಾದಲ್ಲಿ ಅರ್ಧದ ಹತ್ತಿರ ಕೊಬ್ಬೇ.