ಗುಡಿಯಿಲ್ಲದ ಭಕ್ತನ ಋಣ

ಮಠಕ್ಕೆ ನಡೆದುಕೊಳ್ಳುವವನಿಗೆ ತನ್ನ ಕಾಣಿಕೆ ಎಲ್ಲಿಗೆ ಸಲ್ಲಬೇಕೆಂಬ ಚಿಂತೆಯಿಲ್ಲ. ವರ್ಷಕ್ಕೊಮ್ಮೆ ಜಾತ್ರೆ ಬರುತ್ತದೆ. ಮನೆಯಿಂದ ದಾಸೋಹಕ್ಕೆ ಅಕ್ಕಿಬೇಳೆ ಹೊರಡುತ್ತದೆ. ತೇರಿನ ಮಿಣಿಗೆ ಕೈ ಹಚ್ಚಿದರೆ ಆ ವರ್ಷದ ಋಣ ಸಂದಂತೆಯೇ. ದೇವಸ್ಥಾನದ ಒಕ್ಕಲಿಗೂ ಹಾಗೆಯೇ. ಅಲ್ಲಿ ಹುಂಡಿಯುಂಟು, ರಸೀದಿಯುಂಟು. ಆದರೆ ನಮ್ಮ ನಡುವೆ ಇನ್ನೊಂದು ಬಗೆಯ ಭಕ್ತರಿದ್ದಾರೆ. ಅವರು ಯಾರಿಂದಲೂ ದೀಕ್ಷೆ ಪಡೆದವರಲ್ಲ, ಯಾವ ಸಂಘದಲ್ಲೂ ಹೆಸರು ಬರೆಸಿದವರಲ್ಲ. ಊರ ಹೊರಗಿನ ಬೇವಿನ ಮರದಡಿಯ ಕಲ್ಲಿಗೆ ಕೈಮುಗಿಯುತ್ತಾರೆ. ಕೋಡಿ ಬಿದ್ದ ಕೆರೆಯನ್ನು ಕಂಡರೆ ತಲೆಬಾಗುತ್ತಾರೆ. ಬನ್ನಿಯ ಮರವನ್ನು ದಾಟುವಾಗ ಚಪ್ಪಲಿ ಕಳಚುತ್ತಾರೆ. ಪೇಟೆಯಲ್ಲಿ ಮನೆ ಮಾಡಿದ್ದರೂ ಅವರ ದೈವ ಬಯಲಿನಲ್ಲಿಯೇ ಇದೆ. ಮೂವತ್ತು ವರ್ಷ ಕನ್ನಡದ ಪಾಠ ಹೇಳಿ ನಿವೃತ್ತನಾದ ನಾನೂ ಆ ಪೈಕಿಯವನೇ. ನಮ್ಮಂಥವರು ಋಣ ತೀರಿಸುವುದು ಹೇಗೆ ಎಂಬುದೇ ಇಂದಿನ ಈ ಮಾತುಗಳ ವಿಷಯ.

ಪಶ್ಚಿಮದಲ್ಲಿ ಇಂಥವರಿಗೆ ಪೇಗನ್ ಎಂಬ ಹೆಸರಿದೆ. ಲ್ಯಾಟಿನ್ನಿನ ‘ಪಾಗಾನುಸ್’ ಎಂಬ ಶಬ್ದಕ್ಕೆ ಹಳ್ಳಿಗಾಡಿನವನು ಎಂಬ ಅರ್ಥವಿತ್ತು. ಮುಂದೆ ಅದು ಕ್ರೈಸ್ತಮತಕ್ಕೆ ಸೇರದೆ ಹಳೆಯ ದೇವರುಗಳನ್ನು ನೆಚ್ಚಿದವರನ್ನು ಹೀಯಾಳಿಸುವ ಮಾತಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಆ ಹೆಸರನ್ನೇ ಅಭಿಮಾನದಿಂದ ಎತ್ತಿಕೊಂಡರು. ಅವರಲ್ಲಿ ಬಹಳ ಮಂದಿ ಕೂಟವಿಲ್ಲದೆ ಒಂಟಿಯಾಗಿ ಉಪಾಸನೆ ನಡೆಸುವವರು. ಐಸ್‌ಲೆಂಡಿನಲ್ಲಿ ಸ್ವೇನ್‌ಬ್ಯೋರ್ನ್ ಬೇಯ್ನ್‌ತೇಯ್ನ್‌ಸನ್ ಎಂಬ ರೈತಕವಿಯಿದ್ದ. ಅವನೂ ಅವನ ಕೆಲವೇ ಗೆಳೆಯರೂ ಸೇರಿ 1972ರಲ್ಲಿ ಹಳೆಯ ದೈವಗಳ ಹೆಸರಿನಲ್ಲಿ ಒಂದು ಕೂಟ ಕಟ್ಟಿದರು. 1973ರಲ್ಲಿ ಸರಕಾರ ಅದಕ್ಕೆ ಮನ್ನಣೆ ಕೊಟ್ಟಿತು. ಆ ಕವಿ ತನ್ನ ದೈವಕ್ಕೆ ಕಟ್ಟಡವನ್ನೇನೂ ಅರ್ಪಿಸಲಿಲ್ಲ. ‘ರೀಮುರ್’ ಎಂಬ ಹಳೆಯ ಕಥನಗೀತಗಳ ಧಾಟಿಯನ್ನು ತನ್ನ ಕಂಠದಲ್ಲಿ ಉಳಿಸಿಕೊಂಡು ಊರೂರಿಗೆ ಕೇಳಿಸಿದ. ಅವನು ಸಲ್ಲಿಸಿದ ಕಾಣಿಕೆ ಅದು.

ಅವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವುಂಟು. ಅವರು ಶತಮಾನಗಳ ಹಿಂದೆ ಕಡಿದುಹೋದ ಎಳೆಯನ್ನು ಗ್ರಂಥಗಳಲ್ಲಿ ಹುಡುಕಿ ಮತ್ತೆ ಹೊಸೆಯಬೇಕಾಗಿದೆ. ನಮ್ಮಲ್ಲಿ ಎಳೆ ಇನ್ನೂ ಕಡಿದಿಲ್ಲ. ಚಿತ್ರದುರ್ಗದ ಪೇಟೆಯಲ್ಲಿ ತಿಪ್ಪಿನಘಟ್ಟಮ್ಮನೂ ಬರಗೇರಮ್ಮನೂ ವರ್ಷಕ್ಕೊಮ್ಮೆ ಅಕ್ಕತಂಗಿಯರಂತೆ ಭೇಟಿಯಾಗುತ್ತಾರೆ. ಹೊಳಲ್ಕೆರೆಯ ಗಣಪತಿಗೆ ಬಯಲು ಗಣಪತಿಯೆಂದೇ ಹೆಸರು. ಅವನಿಗೆ ಆಕಾಶವೇ ಮಾಡು. ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವೆ ವೇದಾವತಿ ನುಸುಳುವ ಕಣಿವೆಗೆ ಮಾರಿಯ ಹೆಸರಿದೆ. ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿಯ ಬಳಿ ಕಾಡುಗೊಲ್ಲರು ತಮ್ಮ ಕ್ಯಾತಪ್ಪನಿಗೆ ಜಾತ್ರೆಯ ವೇಳೆಗೆ ಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ಬರಿಗಾಲಿನ ತರುಣರು ಆ ಮುಳ್ಳನ್ನೇರಿ ಕಳಸ ಇಳಿಸುತ್ತಾರೆ. ನಮ್ಮ ಒಂಟಿ ಭಕ್ತಿ ಒಂಟಿಯಾಗಿ ಹುಟ್ಟಿದ್ದಲ್ಲ. ಬೇವಿನ ಮರಕ್ಕೆ ಕೈಮುಗಿಯುವುದನ್ನು ನಮಗೆ ಕಲಿಸಿದವರು ಇಂಥ ಜನ. ನಾವು ಅವರ ಕೂಟದಲ್ಲಿಲ್ಲ. ಆದರೆ ಅವರ ಅನ್ನವನ್ನು ಉಂಡಿದ್ದೇವೆ.

ಮನುಷ್ಯ ಹುಟ್ಟುವಾಗಲೇ ಋಣಿಯೆಂದು ನಮ್ಮ ಹಿಂದಿನವರು ಹೇಳಿದರು. ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸಿದರು. ಗೃಹಸ್ಥನ ಐದು ಯಜ್ಞಗಳಲ್ಲಿ ಪಶುಪಕ್ಷಿಗಳಿಗೆ ಸಲ್ಲುವ ಭೂತಯಜ್ಞವನ್ನೂ ಸೇರಿಸಿದರು. ಈ ಲೆಕ್ಕದಲ್ಲಿ ನನಗೆ ಕಾಣುವ ವಿವೇಕ ಇಷ್ಟು: ಪ್ರತಿಯೊಂದು ಋಣಕ್ಕೂ ಬೇರೆಬೇರೆ ಸಲುವಳಿ, ಋಷಿಯ ಋಣ ಅಧ್ಯಯನದಿಂದ ತೀರಬೇಕೇ ಹೊರತು ತುಪ್ಪದಿಂದಲ್ಲ. ನಾವು ಪಡೆದದ್ದು ಯಾವ ದಾರಿಯಿಂದ ಬಂತೋ ಆ ದಾರಿಯಲ್ಲಿಯೇ ಹಿಂದಕ್ಕೆ ಹೋಗಬೇಕು. ಕಲ್ಲಿನಿಂದ ಪಡೆದದ್ದು ಕಲ್ಲಿಗೆ, ನೀರಿನಿಂದ ಪಡೆದದ್ದು ನೀರಿಗೆ, ಹಾಡಿನಿಂದ ಪಡೆದದ್ದು ಹಾಡಿದವರಿಗೆ. ಹುಂಡಿಯಿಲ್ಲದ ಭಕ್ತನಿಗೆ ಈ ವಿವೇಕ ಹೆಚ್ಚು ಬೇಕು; ಏಕೆಂದರೆ ಅವನ ಬಾಗಿಲಿಗೆ ಬಂದು ಕೇಳುವವರು ಯಾರೂ ಇಲ್ಲ.

ಕಲ್ಲಿನಿಂದಲೇ ಆರಂಭಿಸೋಣ. ನಮ್ಮ ಜಿಲ್ಲೆ ಬರೆದ ಕಲ್ಲುಗಳ ಜಿಲ್ಲೆ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಚಂದ್ರವಳ್ಳಿಯ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ, ಡಾ. ಎಂ. ಎಚ್. ಕೃಷ್ಣ ಅವರು 1929ರ ಮೈಸೂರು ಪುರಾತತ್ತ್ವ ಇಲಾಖೆಯ ವರದಿಯಲ್ಲಿ ಅದನ್ನು ಪ್ರಕಟಿಸಿದರು. ಅದು ಹೇಳುವುದು ಒಂದು ಕೆರೆಯ ಮಾತನ್ನು. ತಾನು ಗೆದ್ದ ಅರಸರ ಹೆಸರುಗಳನ್ನೆಲ್ಲ ಕಂಡರಿಸಿದ ದೊರೆ ಅದನ್ನು ಬರೆಸಲು ಆರಿಸಿಕೊಂಡದ್ದು ಕೆರೆಯ ದಂಡೆಯನ್ನು. ಇವು ಹೆಸರಾಂತ ಕಲ್ಲುಗಳಾದ್ದರಿಂದ ಉಳಿದಿವೆ. ಊರ ಹೊರಗಿನ ವೀರಗಲ್ಲು, ಮಾಸ್ತಿಕಲ್ಲುಗಳ ಗತಿ ಬೇರೆ. ಭಕ್ತಿ ಹೆಚ್ಚಿದಾಗ ಅವುಗಳ ಮೇಲೆ ಎನಾಮಲ್ ಬಣ್ಣ ಏರುತ್ತದೆ, ಅಕ್ಷರ ತುಂಬಿಹೋಗುತ್ತದೆ. ಜೀರ್ಣೋದ್ಧಾರವಾದಾಗ ಅವು ಸಿಮೆಂಟಿನ ನೆಲದ ಕೆಳಗೆ ಸೇರುತ್ತವೆ. ನೆರಳು ಕೊಡುತ್ತಿದ್ದ ಮರ ಉರುಳಿ ತಗಡಿನ ಚಪ್ಪರ ಏಳುತ್ತದೆ. ಇದನ್ನು ಮಾಡುವವರು ದ್ವೇಷಿಗಳಲ್ಲ, ಭಕ್ತರೇ. ಆದ್ದರಿಂದ ಇಲ್ಲಿ ಒಂಟಿ ಭಕ್ತನ ಮೊದಲ ಸೇವೆ ಊರ ಹಿರಿಯರೊಡನೆ ಕುಳಿತು ನಿಧಾನವಾಗಿ ಮಾತನಾಡುವುದು. ಕಲ್ಲಿನ ಚಿತ್ರ ತೆಗೆದಿಡಬಹುದು. ಬರಹವಿದ್ದರೆ ಪುರಾತತ್ತ್ವ ಇಲಾಖೆಗೆ ತಿಳಿಸಬಹುದು. ಸುತ್ತಲಿನ ಮುಳ್ಳುಗಂಟಿ ಸವರಬಹುದು. ಬೇವನ್ನೋ ಅತ್ತಿಯನ್ನೋ ನೆಟ್ಟರೆ ನೆಟ್ಟ ದಿನದ ಫೋಟೋ ಸಾಲದು. ಮೂರು ಬೇಸಿಗೆ ನೀರು ಹೊರಬೇಕು. ನಮ್ಮ ಒಣನೆಲದಲ್ಲಿ ಮೂರು ಬೇಸಿಗೆ ದಾಟಿಸಿದ ಒಂದು ಗಿಡ ನೂರು ಕೊಡ ಅಭಿಷೇಕಕ್ಕೆ ಸಮ.

ಇನ್ನು ನೀರು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಒಂದು ಕೊಳವಿದೆ. ಅದರ ಮುಂದೆ ಕುಳಿತು ಬೇಡಿಕೊಂಡರೆ ಗಂಗಮ್ಮ ನೀರಿನೊಳಗಿಂದ ಪ್ರಸಾದವನ್ನು ಮೇಲಕ್ಕೆ ಕಳಿಸುತ್ತಾಳೆಂದು ಜನ ನಂಬುತ್ತಾರೆ. ನಂಬಿಕೆಯ ಸತ್ಯಾಸತ್ಯ ಇಲ್ಲಿಯ ಮಾತಲ್ಲ. ಪಡೆದುಕೊಂಡವನು ಆ ನೀರಿಗೆ ಮರಳಿ ಕೊಡುವುದೇನು, ಅದು ಮಾತು. ಮಾರಿಕಣಿವೆಗೆ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿಂದೆ ನಿಂತ ವಾಣಿವಿಲಾಸಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ನೀರು! ಅಂದು ಆ ನೀರನ್ನು ನೋಡಲು ಹೋದ ಸಾವಿರಾರು ಮಂದಿಯ ಕಣ್ಣಿನಲ್ಲಿದ್ದದ್ದು ಬರಿಯ ಕುತೂಹಲವಲ್ಲ, ಭಕ್ತಿಯೇ. ಆದರೆ ಅದೇ ನಾವು ಬಾಗಿನದೊಡನೆ ಪ್ಲಾಸ್ಟಿಕ್ಕನ್ನೂ ತೇಲಿಬಿಡುತ್ತೇವೆ. ಬಣ್ಣ ಬಳಿದ ಗಣಪತಿಯನ್ನು ಕೆರೆಗೆ ಬಿಟ್ಟು ಹಿಂದಿರುಗಿ ನೋಡದೆ ಬರುತ್ತೇವೆ. ಗಂಗಮ್ಮನ ಒಂಟಿ ಭಕ್ತನಿಗೆ ನಾನು ಹೇಳುವ ವ್ರತ ಸಣ್ಣದು: ನಿನ್ನೂರಿನ ಒಂದು ಕಲ್ಯಾಣಿಯನ್ನು, ಒಂದು ಕಾಲುವೆಯನ್ನು ನಿನ್ನದೆಂದು ಬಗೆ. ಮಳೆಗೆ ಮುಂಚೆ ಒಮ್ಮೆ ಹೋಗಿ ಕಸ ತೆಗೆ. ಹೂಳೆತ್ತುವ ದಿನ ನೀನೂ ಒಂದು ಬಾಂಡಲಿ ಹೊರು.

ಮೂರನೆಯದು ಹಾಡು, ಸಾಹಿತ್ಯದ ಮಂದಿಗೆ ಹತ್ತಿರವಾದ ಋಣ. ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳು ಅವರ ನಾಲಿಗೆಯ ಮೇಲಿದ್ದವು. ಕೃಷ್ಣಮೂರ್ತಿ ಹನೂರು ಅವರು ಕುಳಿತು ಕೇಳಿ ಬರೆದುಕೊಂಡದ್ದರಿಂದ ಆ ಹಾಡುಗಳು ‘ಸಾವಿರದ ಸಿರಿಬೆಳಗು’ ಎಂಬ ಗ್ರಂಥವಾಗಿ ನಮಗೆ ದೊರೆತವು. ತೀ. ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯಗಳನ್ನು, ನಂಬಿಕೆಗಳನ್ನು ಕುರಿತು ದೊಡ್ಡ ಅಧ್ಯಯನವನ್ನೇ ಮಾಡಿದರು. ಇಂಥ ಕೆಲಸಕ್ಕೆ ಇಂದು ಸಲಕರಣೆ ಎಲ್ಲರ ಜೇಬಿನಲ್ಲಿದೆ. ಇಲ್ಲದಿರುವುದು ವ್ಯವಧಾನ. ಜುಂಜಪ್ಪನ ಕಥೆಯನ್ನು ಇರುಳೆಲ್ಲ ಹಾಡಬಲ್ಲ ಮುದುಕ ನಿಮ್ಮ ಪಕ್ಕದ ಹಟ್ಟಿಯಲ್ಲಿದ್ದರೆ ಒಂದು ರಾತ್ರಿ ಹೋಗಿ ಕೇಳಿ. ಒಪ್ಪಿಗೆ ಪಡೆದು ಧ್ವನಿ ಹಿಡಿದಿಡಿ. ಹಾಡಿದವರ ಹೆಸರು, ಹಟ್ಟಿಯ ಹೆಸರು ಬರೆದಿಡಿ. ಒಂದು ಪ್ರತಿಯನ್ನು ಆ ಮನೆಗೇ ಕೊಡಿ. ಹಟ್ಟಿಯ ಹೊರಗೆ ಹಾಡಬಾರದೆಂದು ಅವರು ಹೇಳಿದ್ದನ್ನು ಹಾಡಬೇಡಿ. ಹಾಡನ್ನು ಎತ್ತಿಕೊಂಡು ಹಾಡಿದವರನ್ನು ಮರೆಯುವುದು ಋಣ ತೀರಿಸುವುದಲ್ಲ, ಇಮ್ಮಡಿಸುವುದು.

ಹಾಡಿನ ಹಿಂದೆ ಬದುಕಿದೆ. ಮ್ಯಾಸಬೇಡರು ತಮ್ಮ ದೈವಗಳ ಹೆಸರಿನಲ್ಲಿ ದೇವರ ಎತ್ತುಗಳ ಹಿಂಡನ್ನು ಸಾಕುತ್ತಾರೆ. ಅವನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಕಿಲಾರಿಯೆಂಬ ಕಾಯುವವನು ನೇಮ ಹಿಡಿದು ಅವುಗಳ ಹಿಂದೆ ನಡೆಯುತ್ತಾನೆ. ಹಿಂದೆ ಇವಕ್ಕೆ ಕಾವಲುಗಳಿದ್ದವು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣೆಗಳ ಸಂಸ್ಥೆಗಳಿಗೆ ಹೋಯಿತು. ಮೇವಿನ ನೆಲ ಕುಗ್ಗಿತು. ಬರ ಬಂದ ವರ್ಷ ಈ ಹಿಂಡುಗಳ ಮೊದಲ ಕೊರತೆ ಮೇವು. ಅಂಥ ಸಮಯದಲ್ಲಿ ಒಂದು ಲಾರಿ ಶೇಂಗಾಬಳ್ಳಿ ಕಳಿಸಲು ಹತ್ತು ಮಂದಿ ಒಂಟಿ ಭಕ್ತರು ಕೂಡಿದರೆ ಸಾಕು. ಅದಕ್ಕೆ ಸಂಘ ಬೇಡ, ಬ್ಯಾನರು ಬೇಡ. ಗುಡಿಗೆ ಗ್ರಾನೈಟ್ ಹಾಸಿಸಲು ಹಣ ಕೊಡುವವರು ಸಾಲುಗಟ್ಟಿ ಬರುತ್ತಾರೆ. ಕಿಲಾರಿಯ ಕಾಯಿಲೆಗೆ, ಪೂಜಾರಿಯ ಮಗಳ ಓದಿಗೆ ಕೊಡುವವರು ಕಡಮೆ. ಹೆಸರು ಕೆತ್ತಿಸಿಕೊಳ್ಳುವ ಆಸೆಯಿಲ್ಲದ ಒಂಟಿ ಭಕ್ತನಿಗಲ್ಲದೆ ಈ ಕೆಲಸ ಇನ್ನಾರಿಗೆ ಒಪ್ಪೀತು?

ಇಷ್ಟು ಹೇಳಿ ನಿಲ್ಲಿಸಿದರೆ ಕೇಳಲು ಇಂಪಾಗಿರುತ್ತದೆ. ಆದರೆ ಒಂದು ಕಹಿ ಮಾತು ಉಳಿದಿದೆ. ಹಾಡು ಹುಟ್ಟಿದ ಹಟ್ಟಿಗಳಲ್ಲಿಯೇ ಮುಟ್ಟಾದ ಹೆಣ್ಣನ್ನು, ಹೆತ್ತ ತಾಯಿಯನ್ನು ಎಳೆಗೂಸಿನೊಡನೆ ಹೊರಗಿನ ಗುಡಿಸಿಲಿಗೆ ಕಳಿಸುವ ಪದ್ಧತಿಯುಂಟು. ಮಳೆಯಾಗಲಿ ಚಳಿಯಾಗಲಿ, ದೇವರಿಗೆ ಮೈಲಿಗೆಯಾಗಬಾರದು ಎಂಬುದು ಕಾರಣ. 2017ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಅಂಗೀಕರಿಸಿದ ಅಮಾನವೀಯ ಪದ್ಧತಿಗಳ ನಿಷೇಧದ ಕಾಯಿದೆ ಇಂಥ ಬಲವಂತದ ಪ್ರತ್ಯೇಕತೆಯನ್ನು ಅಪರಾಧವೆಂದಿದೆ. ಕಾಯಿದೆ ಬಂದ ಮಾತ್ರಕ್ಕೆ ಹಟ್ಟಿಯ ಮನಸ್ಸು ತಿರುಗುವುದಿಲ್ಲ. ಪರಂಪರೆಯನ್ನು ಪ್ರೀತಿಸುವ ಪಟ್ಟಣಿಗ ಇಲ್ಲಿ ಎರಡು ಸುಲಭದ ದಾರಿಗಳನ್ನು ಹಿಡಿಯುತ್ತಾನೆ. ಅದು ಅವರವರ ನಂಬಿಕೆ ಎಂದು ಕಣ್ಣು ಮುಚ್ಚಿಕೊಳ್ಳುತ್ತಾನೆ. ಇಲ್ಲವೆ ಇಡೀ ಪರಂಪರೆಯೇ ಮೌಢ್ಯವೆಂದು ಕೈ ತೊಳೆದುಕೊಳ್ಳುತ್ತಾನೆ. ಎರಡರಲ್ಲೂ ಋಣ ತೀರುವುದಿಲ್ಲ. ಯಾವ ಹೆಣ್ಣಿನ ಕಂಠದಿಂದ ನಾವು ಹಾಡು ಪಡೆದೆವೋ ಅವಳು ಹೆತ್ತ ಹತ್ತನೆಯ ದಿನ ಎಲ್ಲಿ ಮಲಗಿದಳೆಂದು ಕೇಳದಿದ್ದರೆ ನಮ್ಮ ಹಾಡಿನ ಪ್ರೀತಿ ಎಂಥದು? ಆ ಹಟ್ಟಿಗಳಲ್ಲಿಯೇ ಹುಟ್ಟಿ ಓದಿ, ಮನೆಯೊಳಗೆ ಇರುತ್ತೇನೆಂದು ನಿಂತ ಹೆಣ್ಣುಮಕ್ಕಳಿದ್ದಾರೆ. ಅವರ ಬೆನ್ನಿಗಿರಬೇಕು. ಊರ ಆಶಾ ಕಾರ್ಯಕರ್ತೆಯ ಮಾತಿಗೆ, ಶಾಲೆಯ ಉಪಾಧ್ಯಾಯಿನಿಯ ಮಾತಿಗೆ ನಮ್ಮ ಮಾತಿನ ತೂಕವನ್ನೂ ಸೇರಿಸಬೇಕು. ಮುಳ್ಳಿನ ಗುಡಿಯಲ್ಲಿ ಒಪ್ಪುವ ದೇವರು ಬಾಣಂತಿಯೊಬ್ಬಳು ಮನೆಯೊಳಗೆ ಬೆಚ್ಚಗೆ ಮಲಗಿದ್ದಕ್ಕೆ ಮುನಿಯುವನೆಂದು ನನಗೆ ತೋರುವುದಿಲ್ಲ. ಇದನ್ನು ಹೊರಗಿನ ತೀರ್ಪುಗಾರನಂತೆ ಹೇಳಿದರೆ ಯಾರೂ ಕೇಳರು. ಅದೇ ದೈವಕ್ಕೆ ಕೈಮುಗಿದು ಹೇಳಿದರೆ ಒಬ್ಬಿಬ್ಬರಾದರೂ ಕೇಳಿಯಾರು. ಒಂಟಿ ಭಕ್ತನಿಗಿರುವ ಅನುಕೂಲವೇ ಇದು. ಅವನು ಒಳಗಿನವನ ಭಕ್ತಿಯನ್ನೂ ಹೊರಗಿನವನ ಧೈರ್ಯವನ್ನೂ ಒಟ್ಟಿಗೆ ತರಬಲ್ಲ. ಸಂಘವಿಲ್ಲದವನನ್ನು ಸಂಘದಿಂದ ಹೊರಗೆ ಹಾಕಲು ಬಾರದು.

ಇವೆಲ್ಲ ದೊಡ್ಡ ಕೆಲಸಗಳೇನೂ ಅಲ್ಲ. ಎಲ್ಲವನ್ನೂ ಒಬ್ಬನೇ ಮಾಡಬೇಕಾದ್ದೂ ಇಲ್ಲ. ಒಬ್ಬನಿಗೆ ಕಲ್ಲು, ಒಬ್ಬಳಿಗೆ ನೀರು, ಇನ್ನೊಬ್ಬರಿಗೆ ಹಾಡು. ಯಾವುದರಿಂದ ನಮ್ಮ ಬಾಳು ಒಮ್ಮೆ ತಂಪಾಯಿತೋ ಅದರಲ್ಲಿ ಒಂದನ್ನು ಹಿಡಿದು ಬಿಡದಿದ್ದರಾಯಿತು. ಮಠಗಳಿಗೆ ಶಿಷ್ಯರಿದ್ದಾರೆ, ದೊಡ್ಡ ಗುಡಿಗಳಿಗೆ ಸಮಿತಿಗಳಿವೆ, ಅವು ಉಳಿಯುತ್ತವೆ. ಬೇವಿನ ಬುಡದ ಕಲ್ಲಿಗೆ, ಹಟ್ಟಿಯ ಮುದುಕಿಯ ಹಾಡಿಗೆ ಸಮಿತಿಯಿಲ್ಲ. ಅವಕ್ಕಿರುವುದು ನಾವು, ಅಲ್ಲೊಬ್ಬರು ಇಲ್ಲೊಬ್ಬರು. ಮುಂಗಾರಿಗೆ ಇನ್ನೂ ದಿನವಿರುವಾಗಲೇ ನಿಮ್ಮೂರಿನ ಹೊರಗೆ ಒಮ್ಮೆ ಹೋಗಿ ಬನ್ನಿ. ಆ ಕಲ್ಲಿನ ಮೇಲೆ ಇನ್ನೂ ನೆರಳಿದೆಯೇ ನೋಡಿ.